ಗಂಡನಿಗೆ ಪ್ರವೇಶವಿಲ್ಲದ ಕೋಣೆ

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಭಾಗದಲ್ಲಿ ಇನ್ನೂ ಮೀಟರ್ ಗೇಜ್ ಗಾಡಿಗಳೇ ಓಡುತ್ತಿದ್ದವು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯ ಒಂದು ನಿಲ್ದಾಣದಲ್ಲಿ ನಾನು ಸ್ಟೇಷನ್ ಮಾಸ್ಟರ್ ಆಗಿದ್ದೆ. ಅದು ಯಾವ ನಿಲ್ದಾಣವೆಂದು ಹೇಳುವುದಿಲ್ಲ. ಹೆಸರಿಟ್ಟು ದೂರಬೇಕಾದವರು ಈ ಘಟನೆಯಲ್ಲಿ ಯಾರೂ ಇಲ್ಲ.

ಪ್ರಯಾಣಿಕರು ಕಾಯುವುದಕ್ಕೆ ಅಲ್ಲಿ ಮೂರು ಜಾಗಗಳಿದ್ದವು. ಮೊದಲ ದರ್ಜೆಯ ಟಿಕೆಟ್ ಇದ್ದವರಿಗೆ ಒಂದು ವೇಟಿಂಗ್ ರೂಮ್. ಅಲ್ಲಿ ಬೆತ್ತದ ಕುರ್ಚಿಗಳು, ಮೈಚಾಚಲು ಒಂದು ಮಂಚ, ಫ್ಯಾನು, ಒಳಗೇ ಬಚ್ಚಲು ಇದ್ದವು. ಹೆಂಗಸರ ಕೋಣೆಯಲ್ಲೂ ಬಚ್ಚಲಿತ್ತು, ಆದರೆ ಚಿಕ್ಕ ಹುಡುಗರನ್ನು ಬಿಟ್ಟರೆ ಗಂಡಸರು ಅದರ ಹೊಸ್ತಿಲು ದಾಟುವಂತಿರಲಿಲ್ಲ. ಉಳಿದವರಿಗೆಲ್ಲ ಪ್ಲಾಟ್‌ಫಾರ್ಮಿಗೆ ತೆರೆದುಕೊಂಡ ಹಾಲ್, ಸಿಮೆಂಟಿನ ಬೆಂಚು, ಹೊರಗೊಂದು ನಳ. ಅಷ್ಟು ವರ್ಷ ಈ ನಿಯಮಗಳನ್ನು ಪಾಲಿಸುತ್ತ ಬಂದ ನನಗೆ ಅವುಗಳಲ್ಲಿ ಏನೂ ಕೊರತೆ ಕಂಡಿರಲಿಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ ಮೇಡ್ಲೇರಿ ಕಡೆಯ ರೈತ ಇಮಾಮಸಾಬರು ಹೆಂಡತಿ ಖಾತೂನಬಿಯನ್ನು ಚಕ್ಕಡಿಯಲ್ಲಿ ಮಲಗಿಸಿಕೊಂಡು ಬಂದರು. ಲಕ್ವಾ ಹೊಡೆದು ಆಕೆಯ ಬಲಭಾಗ ಸ್ವಾಧೀನ ತಪ್ಪಿತ್ತು, ಮಾತು ನಿಂತುಹೋಗಿತ್ತು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೊರಟಿದ್ದರು. ಬಸ್ಸಿನಲ್ಲಿ ಆಕೆ ಕೂರುವ ಸ್ಥಿತಿಯಲ್ಲಿರಲಿಲ್ಲ. ರೈಲಿನಲ್ಲಾದರೆ ಸೀಟಿನ ಮೇಲೆ ಮಲಗಿಸಬಹುದೆಂದು ಎರಡನೇ ದರ್ಜೆಯ ಟಿಕೆಟ್ ತೆಗೆದುಕೊಂಡು, ಹಾಲ್‌ನ ಬೆಂಚಿನ ಮೇಲೆ ಆಕೆಯನ್ನು ಮಲಗಿಸಿದರು.

ಅಷ್ಟರಲ್ಲಿ ಕಂಟ್ರೋಲ್‌ನಿಂದ, ಅಂದರೆ ಗಾಡಿಗಳ ಓಡಾಟ ನಿಯಂತ್ರಿಸುವ ಕಚೇರಿಯಿಂದ, ಫೋನ್ ಬಂತು. ಮುಂದೆ ಎಲ್ಲೋ ಗೂಡ್ಸ್ ಗಾಡಿ ಹಳಿ ತಪ್ಪಿದೆ, ಎಲ್ಲ ಗಾಡಿಗಳೂ ತಡ. ಎಷ್ಟು ತಡವೆಂದು ಅವರಿಗೂ ಗೊತ್ತಿರಲಿಲ್ಲ. ಕೇಳಿದಾಗಲೆಲ್ಲ "ಈಗ ಬಿಡುತ್ತೇವೆ" ಎನ್ನುತ್ತಿದ್ದರು.

ಬಿಸಿಲೇರುತ್ತಿದ್ದಂತೆ ಇಮಾಮಸಾಬರು ನನ್ನ ಕೋಣೆಯ ಬಾಗಿಲಿಗೆ ಬಂದರು.

"ಸಾಹೇಬ್ರ, ಆಕೀನ್ನ ಬಚ್ಚಲಕ್ಕ ಕರಕೊಂಡು ಹೋಗಬೇಕಾಗೇತ್ರಿ. ಎಲ್ಲಿ ಹೋಗ್ಲಿ?"

ಹೆಂಗಸರ ಕೋಣೆ ನೋಡಿಕೊಳ್ಳುತ್ತಿದ್ದ ಗಂಗವ್ವನನ್ನು ಕರೆದೆ. ಆಕೆ ತಾನೇ ಬಂದು ಖಾತೂನಬಿಯ ತೋಳಿನ ಕೆಳಗೆ ಕೈ ಹಾಕಿದಳು. ಖಾತೂನಬಿ ನೆಟ್ಟಗಿದ್ದ ಎಡಗೈಯಿಂದ ಗಂಡನ ಅಂಗಿ ಹಿಡಿದು, ಗಂಟಲಿನಿಂದ ಎಂಥದೋ ಸದ್ದು ಮಾಡತೊಡಗಿದರು. ಬಿಡಿಸಲು ಹೋದಷ್ಟೂ ಹಿಡಿತ ಬಿಗಿಯಾಯಿತು.

"ಮಾತು ಹೋದಾಗಿಂದ ನನ್ನ ಬಿಟ್ಟು ಯಾರನ್ನೂ ಮೈ ಮುಟ್ಟಗೊಡೂದಿಲ್ರಿ" ಎಂದರು ಇಮಾಮಸಾಬರು. "ಮಗಳು ಬಂದ್ರೂ ಹಿಂಗ ಮಾಡತಾಳ. ನಾನೂ ಒಳಗ ಹೋಗ್ತೇನ್ರಿ, ಲಗೂನ ಬಂದಬಿಡ್ತೇವಿ."

ಒಳಗೆ ಎಳೆಗೂಸಿಗೆ ಹಾಲೂಡುತ್ತಿದ್ದ ಬಾಣಂತಿಯಿದ್ದಳು, ಬೇರೆ ಹೆಂಗಸರೂ ಇದ್ದರು. "ಗಂಡಸರು ಒಳಗ ಬಂದ್ರ ನಾವು ಎಲ್ಲಿ ಹೋಗೂಣ್ರಿ?" ಎಂದು ಒಬ್ಬಾಕೆ ಕೇಳಿದಳು. ಅವಳ ಮಾತೂ ನ್ಯಾಯವಾಗಿಯೇ ಇತ್ತು.

ಮೊದಲ ದರ್ಜೆಯ ರೂಮಿನಲ್ಲಿ ಆಗ ಯಾರೂ ಇರಲಿಲ್ಲ. ನನ್ನ ಜವಾಬ್ದಾರಿಯ ಮೇಲೆ ಬೀಗ ತೆಗೆಸಿದೆ. ಇಮಾಮಸಾಬರು ಹೆಂಡತಿಯನ್ನು ಎತ್ತಿಕೊಂಡು ಹೋಗಿ ಬಚ್ಚಲ ಕೆಲಸ ಮುಗಿಸಿ, ಮಂಚದ ಮೇಲೆ ಮಲಗಿಸಿದರು. ಫ್ಯಾನಿನ ಗಾಳಿಗೆ ಆಕೆಗೆ ನಿದ್ದೆ ಹತ್ತಿತು. ನನಗೂ ನಿರಾಳವಾಯಿತು.

ಆ ನಿರಾಳ ಹೆಚ್ಚು ಹೊತ್ತು ಉಳಿಯಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಹೆಂಡತಿ ಮತ್ತು ಹೊಸ ಸೊಸೆಯೊಂದಿಗೆ ಬಂದರು. ಕೈಯಲ್ಲಿ ಮೊದಲ ದರ್ಜೆಯ ಟಿಕೆಟ್. ಮಂಚದತ್ತ ನೋಡಿ, ಸಿಟ್ಟಿಲ್ಲದೆಯೇ ಹೇಳಿದರು: "ಜಡ್ಡಾದವ್ರು ಅಂದ್ರ ನಮಗೂ ಕನಿಕರ ಅದ ರೀ. ಆದ್ರ ಪರಗಂಡಸು ಇರೂ ಖೋಲ್ಯಾಗ ಹೊಸಾ ಸೊಸೀನ್ನ ಹ್ಯಾಂಗ ಕುಂದರಸ್ಲಿ?"

ಇಮಾಮಸಾಬರ ಟಿಕೆಟನ್ನು ನಾನೇ ಮೊದಲ ದರ್ಜೆಗೆ ಬದಲಿಸಿಕೊಡೋಣವೆಂದು ನೋಡಿದೆ. ಆ ಗಾಡಿಯಲ್ಲಿ ನಮ್ಮ ನಿಲ್ದಾಣದ ಪಾಲಿಗಿದ್ದ ಸೀಟುಗಳೆಲ್ಲ ಇದೇ ಕುಟುಂಬಕ್ಕೆ ಹೋಗಿದ್ದವು. ಮೇಲಧಿಕಾರಿಗೆ ಫೋನ್ ಮಾಡಿ ಪರಿಸ್ಥಿತಿ ವಿವರಿಸಿದೆ. ಅವರು ಗದರಲಿಲ್ಲ. "ಟಿಕೆಟ್ ಇದ್ದವರು ಆಕ್ಷೇಪಿಸಿದ ಮೇಲೆ ನಾವೇನು ಮಾಡಲು ಸಾಧ್ಯ?" ಎಂದರು.

ಗಂಡ ಪಕ್ಕದಲ್ಲಿಲ್ಲದೆ ಖಾತೂನಬಿಯನ್ನು ಅಲ್ಲಿ ಬಿಡುವಂತೆಯೂ ಇರಲಿಲ್ಲ. ನಿದ್ದೆಯಲ್ಲಿದ್ದ ಆ ಹೆಣ್ಣುಮಗಳನ್ನು ಎಬ್ಬಿಸಲು ಹೇಳಬೇಕಾದವನು ನಾನು. ನಾನು ಬಾಯಿ ತೆರೆಯುವ ಮೊದಲೇ ಇಮಾಮಸಾಬರು ಆಕೆಯನ್ನು ಎತ್ತಿಕೊಂಡಿದ್ದರು.

ಪಾರ್ಸಲ್ ಕೋಣೆಯಲ್ಲಿ ಜಾಗ ಮಾಡಿಸಿದೆ. ಅದರ ತುಂಬ ಮೆಣಸಿನಕಾಯಿ ಚೀಲಗಳು. ಘಾಟಿಗೆ ಖಾತೂನಬಿ ಕೆಮ್ಮಿ ಕೆಮ್ಮಿ ಮುಖ ಕಪ್ಪಿಟ್ಟಿತು. ನನ್ನ ಕ್ವಾರ್ಟರ್ಸ್ ಹಳಿಯಾಚೆ ದೂರದಲ್ಲಿತ್ತು. ಅಲ್ಲಿಗೆ ಬನ್ನಿ ಎಂದರೆ, "ಅಷ್ಟರಾಗ ಗಾಡಿ ಬಂದು ಹೋತಂದ್ರ?" ಎಂದರು. ಅಷ್ಟರಲ್ಲಿ ಗಾಡಿ ಬರುವುದಿಲ್ಲವೆಂದು ಹೇಳುವ ಧೈರ್ಯ ನನಗಿರಲಿಲ್ಲ. ಮತ್ತೆ ಹಾಲ್‌ನ ಬೆಂಚೇ ಗತಿಯಾಯಿತು.

ಮಧ್ಯಾಹ್ನ ಆಕೆಯ ಸೀರೆ ಒದ್ದೆಯಾಯಿತು. ಅಕ್ಕಪಕ್ಕದವರು ಗಂಟುಮೂಟೆ ಎತ್ತಿಕೊಂಡು ದೂರ ಸರಿದರು. ಇಮಾಮಸಾಬರು ಬೇರೆ ಸೀರೆ ಕೈಯಲ್ಲಿ ಹಿಡಿದು, ಅಷ್ಟು ಜನರ ನಡುವೆ ಏನು ಮಾಡಬೇಕೆಂದು ತಿಳಿಯದೆ ನಿಂತರು. ಗಂಗವ್ವ ಹೆಂಗಸರ ಕೋಣೆಯೊಳಗೆ ಹೋಗಿ ಏನೋ ಹೇಳಿದಳು. ಬಾಣಂತಿಯನ್ನು ಬಿಟ್ಟು ಉಳಿದ ಹೆಂಗಸರು ಒಬ್ಬೊಬ್ಬರೇ ಹೊರಬಂದರು. ಗಂಡಸರು ಬೇಡವೆಂದಿದ್ದಾಕೆಯೇ ಮುಂದೆ ನಿಂತು ಚಾದರ ಅಗಲಿಸಿದಳು. ಎಲ್ಲರೂ ಬೆಂಚಿಗೆ ಬೆನ್ನು ಮಾಡಿ ಸುತ್ತ ನಿಂತರು. ಮೊದಲ ದರ್ಜೆಯ ರೂಮಿನಿಂದ ಆ ಹೊಸ ಸೊಸೆಯೂ ತನ್ನ ಶಾಲು ಹಿಡಿದು ಬಾಗಿಲಿಗೆ ಬಂದಳು. ಒಳಗಿನಿಂದ ಅತ್ತೆ ಕರೆದದ್ದಕ್ಕೆ ಹಿಂದಿರುಗಿದಳು.

ಚಾದರದ ಹಿಂದಿನಿಂದ ಖಾತೂನಬಿ ಅಳುವ ಸದ್ದು ಕೇಳುತ್ತಿತ್ತು. "ಬೀಗರ ಮುಂದ ಸುದ್ದಾ ತಲೀಮ್ಯಾಲಿನ ಸೆರಗು ಸರಿಸಿದಾಕಿ ಅಲ್ರಿ ಇಕಿ" ಎಂದು ಇಮಾಮಸಾಬರು ಹೇಳಿದರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ. ನಾನು ಸಿಗ್ನಲ್ ಕಡೆ ನೋಡುತ್ತ ನಿಂತೆ.

ಸಂಜೆಗೆ ಗಾಡಿ ಬಂತು. ಗಾರ್ಡ್‌ಗೆ ಹೇಳಿ, ಅವರು ಹತ್ತುವ ತನಕ ನಿಲ್ಲಿಸಿ ಕಳಿಸಿದೆ.

ಕೆಲವು ತಿಂಗಳ ಮೇಲೆ ಇಮಾಮಸಾಬರು ಒಬ್ಬರೇ ಬಂದರು. ಖಾತೂನಬಿ ಊರಿಗೆ ಮರಳಿದ ಮೇಲೆ ತೀರಿಕೊಂಡಿದ್ದರು. ಕೈಯಲ್ಲಿ ದಪ್ಪ ಹಸಿರು ಬಟ್ಟೆಯ ಪರದೆಯಿತ್ತು, ಹಗ್ಗ ಪೋಣಿಸಲು ಮೇಲ್ಗಡೆ ಹೊಲಿಸಿದ್ದರು. "ಹಾಲ್‌ನ ಮೂಲ್ಯಾಗ ಇದನ್ನ ಕಟ್ಟಸ್ರಿ ಸಾಹೇಬ್ರ. ನಮ್ಹಂಗ ಮತ್ತ್ಯಾರರ ಬಂದ್ರ ಆದೀತು."

ಕಟ್ಟಿಸಿದೆ. ಬಾಣಂತಿಯರು, ಮುದುಕಿಯರು, ಹೆಂಡತಿಯ ಕೈ ಹಿಡಿದು ಬಂದ ಗಂಡಂದಿರು ಅದರ ಮರೆಗೆ ಹೋಗುತ್ತಿದ್ದರು. ಮುಂದಿನ ಇನ್‌ಸ್ಪೆಕ್ಷನ್ ಬಂದಾಗ ಅಧಿಕಾರಿಯೊಬ್ಬರು ಅದರ ಮುಂದೆ ನಿಂತು, "ಇದು ಯಾರಿಗಾಗಿ? ಹೆಂಗಸರಿಗೋ, ಗಂಡಸರಿಗೋ? ಯಾವ ದರ್ಜೆಯವರಿಗೆ?" ಎಂದು ಕೇಳಿದರು. ಬೇಕಾದವರಿಗೆ ಎಂದೆ. ಅಂಥ ವರ್ಗ ನಿಯಮದಲ್ಲಿ ಇರಲಿಲ್ಲ. ಪರದೆ ಇಳಿಸಬೇಕಾಯಿತು. ಮಂಜೂರಾತಿಗೆ ಬರೆದೆ, ನನಗೆ ವರ್ಗಾವಣೆಯಾಗುವ ತನಕ ಉತ್ತರ ಬರಲಿಲ್ಲ.

ಹೊರಡುವ ಮುನ್ನ ಮೇಡ್ಲೇರಿಗೆ ಹೋಗಿ ಪರದೆ ಹಿಂದಿರುಗಿಸಿದೆ. ಇಮಾಮಸಾಬರು ಬೇಸರಿಸಲಿಲ್ಲ. ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟರು. "ನಿಮ್ಮ ಕೈಲೆ ಆಗೂದು ನೀವು ಮಾಡೀರಿ. ಅದರಾಚೆಗೆ ನೀವರ ಏನ್ ಮಾಡ್ತೀರಿ?" ಎಂದರು.

ಆ ದಿನ ಬಾಗಿಲು ಮುಚ್ಚಿದವರಲ್ಲಿ ಒಬ್ಬರೂ ಕೆಟ್ಟವರಾಗಿರಲಿಲ್ಲ. ಕೆಟ್ಟವರೊಬ್ಬರಿದ್ದಿದ್ದರೆ ಅವರೊಡನೆ ಜಗಳವಾಡಿ ಆ ಬಾಗಿಲು ತೆಗೆಸಬಹುದಿತ್ತು. ನಾನು ರೈಲ್ವೆ ಕೆಲಸದಲ್ಲಿ ಕಲಿತ ಪಾಠ ಇದು. ಇದನ್ನು ಕಲಿತದ್ದರಿಂದ ಯಾರಿಗೆ ಉಪಯೋಗವಾಯಿತೋ, ಇವತ್ತಿಗೂ ನನಗೆ ತಿಳಿದಿಲ್ಲ.