ನಿಂಬೆಹಣ್ಣು ದಾಟದ ಕುರ್ಚಿ

ಮುನಿರತ್ನಮ್ಮ ಎಂದರೆ ನಮ್ಮೂರಲ್ಲಿ ಅರ್ಧ ಜನಕ್ಕೆ ಗೌರವ, ಇನ್ನರ್ಧ ಜನಕ್ಕೆ ಭಯ. ಜಡಿಗೇನಹಳ್ಳಿ ಕಡೆಯ ನಮ್ಮ ಊರಿನ ಡೈರಿಯಲ್ಲಿ ಹದಿನೆಂಟು ವರ್ಷದಿಂದ ಹಾಲು ಪರೀಕ್ಷೆ ಮಾಡುವವಳು ಅವಳೇ. ಮುಖ ನೋಡಿ ಹಾಲು ತೆಗೆದುಕೊಂಡವಳಲ್ಲ. ಒಮ್ಮೆ ನನ್ನ ಕ್ಯಾನನ್ನೇ ಪಕ್ಕಕ್ಕಿಟ್ಟು, "ಏನೇ ಸಪ್ಪಲಮ್ಮ, ಹಸೂನ ಬೋರ್‌ವೆಲ್ ಪಕ್ಕ ಕಟ್ಟಿದ್ದೀಯಾ?" ಎಂದು ಎಲ್ಲರೆದುರು ಕೇಳಿದ್ದಳು. ಒಂದು ತಿಂಗಳು ಅವಳ ಜೊತೆ ಮಾತು ಬಿಟ್ಟಿದ್ದೆ. ಹಾಲಿಗೆ ನೀರು ಬಿದ್ದದ್ದು ನಿಜವೇ, ಆ ಮಾತು ಬಿಡಿ.

ಎರಡನೇ ವರ್ಷಕ್ಕೇ ಪೋಲಿಯೋ ಆದವಳು. ಊರುಗೋಲಿನ ಮೇಲೆಯೇ ಓಡಾಡಿಕೊಂಡು ನಲವತ್ತೆಂಟು ಮುಟ್ಟಿದಳು. ಇಷ್ಟು ವರ್ಷ ಮೈಭಾರ ಹೊತ್ತ ಹೆಗಲು ಹೋದ ವರ್ಷ ಇನ್ನಾಗದು ಎಂದಿತು. ಆಮೇಲೆ ತಮ್ಮ ರವಿಚಂದ್ರನ ಬೈಕೇ ಗತಿ. ಅವನಿಗೆ ಕಂಪನಿಯಲ್ಲಿ ಶಿಫ್ಟ್ ಕೆಲಸ. ಬಂದು ಅಕ್ಕನನ್ನು ಡೈರಿಗೆ ಬಿಡುವಷ್ಟರಲ್ಲಿ ಏಳು ಗಂಟೆ. ಕ್ಯಾನು ಹಿಡಿದು ನಿಂತ ಜನ ಗೊಣಗತೊಡಗಿದರು. ಕೊನೆಗೆ ಡೈರಿ ಅಧ್ಯಕ್ಷ ನರಸಿಂಹಯ್ಯನವರೇ ಅವಳ ಮನೆಗೆ ಬಂದರು.

"ಬೇಜಾರ್ ಮಾಡ್ಕೋಬೇಡಮ್ಮ. ಬೆಳಿಗ್ಗೆ ಆರಕ್ಕೆ ಬಾಗ್ಲು ತೆಗೀಲೇಬೇಕು. ಈ ತಿಂಗ್ಳು ನೋಡ್ತೀನಿ, ಆಗ್ಲಿಲ್ಲ ಅಂದ್ರೆ ಬೇರೆಯವ್ರನ್ನ ಹಾಕ್ಬೇಕಾಗ್ತದೆ."

ಅವರು ಹೋದ ಮೇಲೆ ಅವಳು ಅತ್ತಳು. ಅವಳು ಅತ್ತದ್ದನ್ನು ನಾನು ಕಂಡಿದ್ದು ಅದೊಂದೇ ಸಲ. "ಕಾಲು ಹೋದಾಗ ತಿಳುವಳಿಕೆ ಇರ್ಲಿಲ್ಲ ಕಣೇ. ಈಗ ಡೈರಿ ಹೋದ್ರೆ ನಾನು ಮೂಲೆ ಸಾಮಾನು ಆಗ್ಬಿಡ್ತೀನಿ" ಎಂದಳು.

ಬ್ಯಾಟರಿಯಲ್ಲಿ ಓಡುವ ಗಾಲಿಕುರ್ಚಿ ತರುವುದೆಂದು ತೀರ್ಮಾನವಾಯಿತು. ರವಿಚಂದ್ರ ಒಳ್ಳೆಯವನೇ. ಆದರೆ ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವ ಗಾದೆ ಇವನನ್ನು ನೋಡಿಯೇ ಹುಟ್ಟಿರಬೇಕು. ಕೂರಬೇಕಾದವಳನ್ನು ಮನೆಯಲ್ಲಿ ಬಿಟ್ಟು ತಾನೊಬ್ಬನೇ ಹೊಸಕೋಟೆಗೆ ಹೋಗಿ, ಅಂಗಡಿಯ ನುಣುಪು ಟೈಲ್ಸ್ ಮೇಲೆ ಎರಡು ಸುತ್ತು ಹೊಡೆದು, ಹಗುರವಾದ ಮಡಚುವ ಕುರ್ಚಿಯೊಂದನ್ನು ಒಪ್ಪಿಬಿಟ್ಟ. ಅಂಗಡಿಯ ಉಮಾಶಂಕರ್ ಮಾತ್ರ, "ಮೊದ್ಲು ಅಮ್ಮಾವ್ರು ಕೂತು ನೋಡ್ಲಿ ಸಾರ್" ಎಂದು, ಅದರ ಜೊತೆಗೆ ದಪ್ಪ ಚಕ್ರದ ಇನ್ನೊಂದನ್ನೂ ಲಗೇಜ್ ಆಟೋದಲ್ಲಿ ಹಾಕಿಸಿಕೊಂಡು ಊರಿಗೇ ಬಂದರು.

ನಮ್ಮ ಕಡೆ ಮನೆಗೆ ಗಾಡಿ ಬಂದು ಪೂಜೆಯಾಗದೆ ಮುಂದೆ ಹೋಗುವುದುಂಟೇ? ರವಿಚಂದ್ರ ಮಡಚುವ ಕುರ್ಚಿಗೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟೇಬಿಟ್ಟ.

"ಸಾರ್, ಇನ್ನೂ ತಗೊಂಡೇ ಇಲ್ವಲ್ಲ!" ಎಂದು ಉಮಾಶಂಕರ್ ಬಾಯಿ ಬಿಟ್ಟರು.

"ತಗೊಂಡಂಗೇ ಬಿಡಿ. ಅಕ್ಕ, ಕೂತ್ಕೊಂಡು ಮುಂದಕ್ಕೆ ಬಿಡು."

ಮುನಿರತ್ನಮ್ಮ ಜಗಲಿಯಿಂದ ಕುರ್ಚಿಗೆ ಜರುಗಿ ಕೂತು, ಕೈ ಬಳಿಯ ಕಡ್ಡಿಯನ್ನು ಮುಂದಕ್ಕೆ ಒತ್ತಿದಳು. ಕುರ್ಚಿ ಗುಂಯ್ ಎಂದಿತು, ನಿಂತಿತು. ಇನ್ನೊಮ್ಮೆ ಒತ್ತಿದಳು. ಮುಂದಿನ ಪುಟ್ಟ ಚಕ್ರ ಅಡ್ಡಕ್ಕೆ ತಿರುಗಿ ಅಂಗಳದ ಮಣ್ಣಿನಲ್ಲಿ ಹೂತುಕೊಂಡಿತು. ನಿಂಬೆಹಣ್ಣಿಗೆ ಒಂದು ಗೀರೂ ಬೀಳಲಿಲ್ಲ.

"ಅಯ್ಯೋ, ಅಪಶಕುನ!" ಎಂದರು ಯಾರೋ.

ಅವಳು ಬಿದ್ದು ಬಿದ್ದು ನಕ್ಕಳು. "ಶಕುನಾನೂ ಇಲ್ಲ, ಮಣ್ಣೂ ಇಲ್ಲ. ನಿಂಬೆಹಣ್ಣೇ ದಾಟ್ದೇ ಇರೋದು ಡೈರಿ ಮುಂದಿನ ಚರಂಡಿ ಚಪ್ಪಡಿ ದಾಟ್ತದಾ? ಆ ಇನ್ನೊಂದನ್ನ ತನ್ನಿ."

ರವಿಚಂದ್ರನ ಮುಖ ಸಪ್ಪಗಾಯಿತು. "ಇದಾದ್ರೆ ಮಡಚಿ ಕಾರಲ್ಲಿ ಹಾಕ್ಕೊಂಡು ಮದುವೆಗಿದುವೆಗೆಲ್ಲ ಹೋಗ್ಬೋದು ಅಕ್ಕ. ಅದನ್ನ ಎತ್ತಕ್ಕೇ ಆಗಲ್ಲ."

"ಮದುವೆ ವರ್ಷಕ್ಕೆ ನಾಲ್ಕು ಕಣೋ. ಡೈರಿ ದಿನಕ್ಕೆ ಎರಡು ಸಲ."

ನಾನು ಸುಮ್ಮನಿರುತ್ತೇನೆಯೇ? "ಕೂರೋಳು ಅವ್ಳು, ಆರಿಸೋನು ನೀನು. ಚೆನ್ನಾಗೈತೆ ಕಣಪ್ಪ ನಿನ್ನ ನ್ಯಾಯ!" ಎಂದೆ.

ಸಂಜೆಯವರೆಗೂ ಅವಳು ಉಮಾಶಂಕರ್ ಅವರನ್ನು ಬಿಡಲಿಲ್ಲ. ಕುರ್ಚಿಯ ಪರೀಕ್ಷೆ ಸಂಜೆ ಹಾಲು ಹಾಕುವ ಹೊತ್ತಿಗೇ ಆಗಬೇಕಂತೆ, ಡೈರಿಯ ಏರು ದಾರಿ ಸಗಣಿ, ನೀರು, ಚೆಲ್ಲಿದ ಹಾಲಿನಿಂದ ಜಾರುವಾಗಲೇ. ದಪ್ಪ ಚಕ್ರದ್ದು ನಿಧಾನ, ಆದರೆ ಗಟ್ಟಿ. ಏರಿನ ನಡುವೆ ಬೇಕೆಂದೇ ಕಡ್ಡಿಯಿಂದ ಕೈ ತೆಗೆದಳು. ಕುರ್ಚಿ ಹಿಂದಕ್ಕೆ ಜಾರಲಿಲ್ಲ. ಚಪ್ಪಡಿ ದಾಟಿತು. ಬಾಗಿಲಲ್ಲಿ ಎರಡೆರಡು ಬೆರಳಿನಷ್ಟು ಜಾಗ ಉಳಿಸಿಕೊಂಡು ಒಳಗೂ ಹೋಯಿತು. ಆದರೆ ಕುರ್ಚಿಯ ಕೈಗಳು ಮೇಜಿಗೆ ತಗುಲಿ ನಿಂತವು. ಅವಳು ಎಷ್ಟು ಚಾಚಿದರೂ ಲ್ಯಾಕ್ಟೋಮೀಟರ್ ಎಟುಕಲಿಲ್ಲ. ಚಾಚಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು, ಕ್ಯಾನು ಹಿಡಿದವರೆಲ್ಲ ಬಾಗಿಲಲ್ಲಿ ಕೂಡಿ ಇಣುಕಿದರು.

ನರಸಿಂಹಯ್ಯನವರು ಮೇಜನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. "ಏನ್ ನೋಡ್ತಾ ನಿಂತಿದ್ದೀರ್ರೋ? ಮೇಜಿನ ಕಾಲಿಗೆ ಇಟ್ಟಿಗೆ ಕೊಡ್ರಿ!"

ನಾಲ್ಕು ಇಟ್ಟಿಗೆ ಬಂದವು. ಕುರ್ಚಿ ಮೇಜಿನಡಿ ಸೇರಿತು. "ಇದೇ ಇರ್ಲಿ" ಎಂದಳು ಮುನಿರತ್ನಮ್ಮ.

ಅದಾಗಿ ಮೂರನೇ ದಿನ ಬೆಳಿಗ್ಗೆ ನಾನು ಕೊಟ್ಟಿಗೆಯಲ್ಲಿ ಕೆಚ್ಚಲು ತೊಳೆಯುತ್ತಿದ್ದೆ. ಹೊರಗೆ ಪೀಂ ಪೀಂ ಎಂದು ಹಾರ್ನ್. ಯಾರಪ್ಪಾ ಇಷ್ಟು ಹೊತ್ತಿಗೆ ಎಂದು ಬಂದು ನೋಡಿದರೆ, ನನ್ನ ಬಾಗಿಲಲ್ಲಿ ಅವಳು, ಒಬ್ಬಳೇ! ಮದುವೆಯಾಗಿ ಈ ಊರಿಗೆ ಬಂದ ಇಪ್ಪತ್ತಾರು ವರ್ಷದಲ್ಲಿ ಅವಳ ಮನೆಗೆ ನಾನು ಸಾವಿರ ಸಲ ಹೋಗಿದ್ದೇನೆ. ನಮ್ಮ ಬೀದಿ ಅವಳ ಕೋಲಿಗೆ ದೂರ. ನನ್ನ ಮನೆ ಅವಳು ನೋಡಿದ್ದೇ ಇರಲಿಲ್ಲ. ತಂಬಿಗೆ ಹಿಡಿದುಕೊಂಡು ಅಳುತ್ತ ನಿಂತುಬಿಟ್ಟೆ.

"ಯಾಕೇ ಹಿಂಗೆ ನಿಂತೆ? ಡೈರಿ ತೆಗ್ಯಕ್ಕೆ ಇನ್ನೂ ಅರ್ಧ ಗಂಟೆ ಐತೆ. ಅಲ್ಲೀವರ್ಗೂ ಏನ್ ಮಾಡ್ಲಿ ಅಂತ ಈ ಕಡೆ ಬಂದೆ" ಎಂದಳು. "ಕಾಫಿ ಇಡು."