ಅಕ್ಕನ ಗದ್ದೆಗೆ ಕೊಡಬೇಕಿದ್ದ ಒಂದು ದಿನ

ನಮ್ಮನ್ನು ಯಾರೂ ಕಟ್ಟಿಹಾಕಿರಲಿಲ್ಲ. ನಾವೇ ಹೋಗಲಿಲ್ಲ. ಯಜಮಾನರು ತಡೆದರು ಎಂದು ಈಗ ಹೇಳುವವರೆಲ್ಲ ಸುಳ್ಳು ಹೇಳುತ್ತಾರೆ.

ಕೊಡಗು ಮೈಸೂರಿಗೆ ಸೇರಿ ಒಂದೆರಡು ಮಳೆಗಾಲ ಕಳೆದಿತ್ತು. ಪಕ್ಕದ ಮನೆಯವಳು ನನಗಿಂತ ಹಿರಿಯಳು, ಗಂಡ ಸತ್ತವಳು. ಅಕ್ಕ ಎನ್ನುತ್ತಿದ್ದೆ. ಅವಳ ಮಗಳು ಬೆನ್ನ ತುಂಬ ಗಂಡ ಎಳೆದ ಬರೆ ಹೊತ್ತು ತವರಿಗೆ ಬಂದಳು. ವಾಪಸು ಕಳಿಸು ಎಂದರು ಊರ ಯಜಮಾನರು.

"ನಿಮ್ ಮಗಳ್ನ ಕಳ್ಸಿ. ನನ್ ಮಗಳು ಹೋಗಾಕಿಲ್ಲ," ಎಂದಳು ಅಕ್ಕ, ಎಲ್ಲರೆದುರು. ಅವಳ ಗದ್ದೆಗೆ ಯಾರೂ ಇಳಿಯಬಾರದು ಎಂದು ಅವತ್ತೇ ತೀರ್ಮಾನವಾಯಿತು.

ನಮ್ಮಲ್ಲಿ ನಾಟಿಗೆ ಕೂಲಿಯಿಲ್ಲ, ಮುಯ್ಯಾಳು. ಇವತ್ತು ನೀನು ನನ್ನ ಗದ್ದೆಗೆ, ನಾಳೆ ನಾನು ನಿನ್ನ ಗದ್ದೆಗೆ. ಅಷ್ಟರಲ್ಲಾಗಲೇ ಅಕ್ಕ ನಮ್ಮೆಲ್ಲರ ಗದ್ದೆಯಲ್ಲೂ ನೆಟ್ಟು ಮುಗಿಸಿದ್ದಳು. ಅವಳದೊಂದೇ ಬಾಕಿ.

ಅವಳ ಸರದಿಯ ದಿನ ತಾಯಿ ಮಗಳು ಇಬ್ಬರೇ ಕೆಸರಿಗಿಳಿದರು. ನಾವು ಏಳು ಹೆಂಗಸರು ಮಳೆಗೆ ಗೊರಗ ಹೊದ್ದು ಬದುವಿನ ಮೇಲೆ ನಿಂತೆವು.

"ಇಳಿದ್ರೆ ನಾಳೆ ನಿನ್ ಗದ್ದೆಗೂ ಯಾರೂ ಬರಾಕಿಲ್ಲ, ನೋಡ್ಕೊ," ಎಂದಳು ಪಕ್ಕದಲ್ಲಿದ್ದವಳು. ಯಾರಾದರೂ ಒಬ್ಬಳು ಮೊದಲು ಇಳಿಯಲಿ ಎಂದು ನಾನು ಕಾದೆ. ಅವಳೂ ಅದನ್ನೇ ಕಾಯುತ್ತಿದ್ದಳಂತೆ. ವರ್ಷಗಳಾದ ಮೇಲೆ ಹೇಳಿದಳು.

"ಏನ್ರವ್ವ, ನಾಟಕ ನೋಡಕ್ಕೆ ಬಂದ್ರಾ? ಕೂತ್ಕಳಿ, ಕಾಲು ನೋಯ್ತವೆ," ಎಂದು ಅಕ್ಕ ಕೆಸರಿನಿಂದಲೇ ಕೂಗಿದಳು. ಯಾರೂ ನಗಲಿಲ್ಲ.

ಹತ್ತು ದಿನ ಬಗ್ಗಿದರೂ ಅವರಿಬ್ಬರಿಂದ ಕಾಲು ಭಾಗ ಮುಗಿಯಲಿಲ್ಲ. ಮಿಕ್ಕ ಸಸಿ ಬಲಿತು ಗಂಟು ಬಂತು. ಅಂಥದ್ದನ್ನು ನೆಟ್ಟರೆ ಬೆಳೆಯಿಲ್ಲ. ಅಕ್ಕ ಹಗ್ಗ ಬಿಚ್ಚಿ ದನಗಳನ್ನು ಸಸಿ ಮಡಿಗೆ ಬಿಟ್ಟಳು. ಅಳಲಿಲ್ಲ. ಅವು ಮೇಯುವುದನ್ನು ನೋಡುತ್ತ ನಿಂತಳು. ವರ್ಷದ ಅನ್ನ ಅದು.

ಮಾರನೆಯ ಬೆಳಿಗ್ಗೆ, ನಮ್ಮ ಗದ್ದೆಯಲ್ಲಿ ಸತ್ತ ಸಸಿಯ ಜಾಗಕ್ಕೆ ನೆಡಲೆಂದು ನಾವು ತಡವಾಗಿ ಬಿತ್ತಿದ್ದ ಸಸಿಯನ್ನು ಕಿತ್ತು ಹೊರಟೆ.

"ಊರು ಬಿಡ್ಬೇಕು ಅಂತಿದ್ದೀಯಾ?" ಎಂದ ಗಂಡ. ಸಸಿಯ ಕಟ್ಟು ಹೊತ್ತು ಅಕ್ಕನ ಗದ್ದೆಗೆ ನಡೆದೆ. ಬದುವಿನ ಮೇಲೆ ಅವತ್ತು ಯಾರೂ ಇರಲಿಲ್ಲ. ಸೀರೆ ಎತ್ತಿ ಕಟ್ಟಿ ಇಳಿದೆ.

ಅಕ್ಕ ಅಂಗಳಕ್ಕೆ ಬಂದಳು. "ಈಗ ಬಂದ್ಯಾ?" ಎಂದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ತಂದ ಸಸಿ ಒಂದು ಮೂಲೆಗಷ್ಟೇ ಆಯಿತು. ಅಷ್ಟು ನೆಟ್ಟು, ಕಾಲು ತೊಳೆದುಕೊಂಡು ಮನೆಗೆ ಬಂದೆ.