ಮದುವೆಯಿಲ್ಲದ ಹೇಳಿಕೆ

ಶಾಲೆಗೆ ಇನ್‌ಸ್ಪೆಕ್ಟರು ಬಂದ ದಿನ ಆರನೇ ತರಗತಿಯ ಮಕ್ಕಳೆದುರು ನನ್ನ ಬಾಯಿ ಕಟ್ಟಿಹೋಯಿತು. ಹತ್ತು ಸಲ ಮಾಡಿದ ಪಾಠ, ಒಂದು ಶಬ್ದವೂ ಹೊರಡಲಿಲ್ಲ. ಇನ್‌ಸ್ಪೆಕ್ಟರು ಸ್ವಲ್ಪ ಹೊತ್ತು ನಿಂತು ಪಕ್ಕದ ತರಗತಿಗೆ ಹೋದರು. ನಾನು ಮನೆಗೆ ಬಂದು ಮಲಗಿದವನು ಏಳಲಿಲ್ಲ. ಊಟ ರುಚಿಸದು, ಸ್ನಾನ ಬೇಡ, ಯಾರ ಮುಖವೂ ಬೇಡ. ಊರಿಗೆ ಊರೇ ನನ್ನನ್ನು ನೋಡಿ ನಗುತ್ತಿದೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಇದು ಅರವತ್ತರ ದಶಕದ ಆರಂಭದ ಮಾತು. ಇದೂ ಒಂದು ಕಾಯಿಲೆ, ಇದಕ್ಕೆ ಖಿನ್ನತೆ ಎಂಬ ಹೆಸರಿದೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜೂನ್‌ನಲ್ಲಿ ಶಾಲೆ ತೆರೆಯುವಾಗ ಬರದಿದ್ದರೆ ನನ್ನ ಜಾಗಕ್ಕೆ ಬೇರೆಯವರು ಬರುತ್ತಾರೆ ಎಂದು ಹೆಡ್‌ಮಾಸ್ತರರು ಮನೆಗೇ ಬಂದು ಹೇಳಿಹೋದರು. ನನಗೆ ಪಾಠ ಮಾಡುವುದು ಬಿಟ್ಟರೆ ಬೇರೆ ಕೆಲಸ ಬರುತ್ತಿರಲಿಲ್ಲ. ಬೇರೆ ಕೆಲಸದ ಮೇಲೆ ಪ್ರೀತಿಯೂ ಇರಲಿಲ್ಲ.

ಮನೆಯ ಯಜಮಾನಿಕೆ ಅಕ್ಕನದು. ಎಪ್ರಿಲ್‌ನ ಒಂದು ಬೆಳಿಗ್ಗೆ ಅವಳು ನನ್ನನ್ನು ಎಬ್ಬಿಸಿ, ತೋಡಾರಿನಲ್ಲಿ ಬಸ್ಸು ಹತ್ತಿಸಿ, ಮೂಡಬಿದಿರೆಯ ಒಬ್ಬ ವಯಸ್ಸಾದ ಡಾಕ್ಟರರ ಎದುರು ಕೂರಿಸಿದಳು. ಅವರು ಒಂದು ಗಂಟೆ ಮಾತಾಡಿಸಿದರೇ ಹೊರತು ಸೂಜಿ ಕೈಗೆತ್ತಿಕೊಳ್ಳಲಿಲ್ಲ. ಸೂಜಿ ಚುಚ್ಚದವರೂ ಒಬ್ಬ ಡಾಕ್ಟರೇ ಎಂದು ನನಗೆ ಒಳಗೊಳಗೇ ಸಿಟ್ಟು.

“ಊರಿನವರು ನಗ್ತಾರೆ ಅಂತ ನಿಮಗೆ ಹೇಳಿದ್ದು ಯಾರು?” ಎಂದು ಕೇಳಿದರು.

“ಯಾರು ಹೇಳ್ಬೇಕು? ನನಗೇ ಗೊತ್ತುಂಟು.”

“ಹಾಗಾದ್ರೆ ನೋಡಿ ಬನ್ನಿ, ಮಾಷ್ಟ್ರೇ. ದಿನಕ್ಕೊಂದು ಮನೆ. ಹೋಗುವ ಮೊದಲು ಅಲ್ಲಿ ಏನಾಗ್ತದೆ ಅಂತ ಒಂದು ಚೀಟಿಯಲ್ಲಿ ಬರೆಯಿರಿ. ಬಂದ ಮೇಲೆ ಏನಾಯಿತು ಅಂತ ಕೆಳಗೆ ಬರೆಯಿರಿ. ಮಿಂದು, ಒಗೆದ ಬಟ್ಟೆ ಹಾಕಿಕೊಂಡೇ ಹೋಗ್ಬೇಕು. ಒಬ್ಬರಿಗೆ ಕಷ್ಟವಾದ್ರೆ ಅಕ್ಕ ಬರ್ಲಿ.”

ಮರುದಿನ ‘ನಗುತ್ತಾರೆ’ ಎಂದು ಚೀಟಿಯಲ್ಲಿ ಬರೆದಿಟ್ಟು ಹೊರಟೆ. ಅಕ್ಕ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟಳು. ಮೊದಲ ಮನೆಯವರು ಬೆಲ್ಲ, ನೀರು ತಂದಿಟ್ಟು ಎದುರು ಕುಳಿತರು. ನಾನು ನೆಲ ನೋಡಿದೆ. ಅವರು ನನ್ನ ಮುಖ ನೋಡಿದರು, ಒಬ್ಬರನ್ನೊಬ್ಬರು ನೋಡಿಕೊಂಡರು, ಆಮೇಲೆ ಸಣ್ಣಗೆ ನಕ್ಕರು. ಎರಡನೆಯ ಮನೆಯಲ್ಲಿ ಹೊಸ ಚಾಪೆ ಹಾಸಿ, ಎಲೆಯಡಿಕೆಯ ತಟ್ಟೆ ಮುಂದೆ ಸರಿಸಿ, ಅದೇ ನಗು. ಮೂರನೆಯದರಲ್ಲಿ ಯಜಮಾನರು ನಮ್ಮನ್ನು ಕಂಡವರೇ ಒಳಗೆ ಓಡಿ ಅಂಗಿ ಹಾಕಿಕೊಂಡು ಬಂದರು. ನಾಲ್ಕನೆಯದರಲ್ಲಿ ಹೆಂಗಸರು ಬಾಗಿಲ ಹಿಂದೆ ನಿಂತು ಕಿಸಕ್ಕೆಂದರು. ನಾನು ಗೆದ್ದವನ ಹಾಗೆ ಚೀಟಿಗಳನ್ನು ಡಾಕ್ಟರರ ಮೇಜಿನ ಮೇಲೆ ಹರಡಿದೆ.

“ನಕ್ಕದ್ದು ಹೌದು. ಯಾಕೆ ನಕ್ಕದ್ದು ಅಂತ ಕೇಳಿದ್ರಾ?” ಎಂದರು. ಕೇಳಿರಲಿಲ್ಲ.

ಐದನೆಯದು ಗದ್ದೆಯಾಚೆಯ ಅಜ್ಜಿಯ ಮನೆ. ಬೆಲ್ಲ ತಿಂದು ನೀರು ಕುಡಿದೆವು. ನಾನು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿಯ ತಾಳ್ಮೆಯೇ ತಪ್ಪಿತು.

“ಮದಿಮೆ ಏಪ?” ಎಂದರು ತುಳುವಿನಲ್ಲಿ, ಮದುವೆ ಯಾವಾಗ ಎಂದು.

ನಾನು ಅಕ್ಕನನ್ನು ನೋಡಿದೆ, ಅಕ್ಕ ನನ್ನನ್ನು ನೋಡಿದಳು. ನಮ್ಮ ಕಡೆ ಬೇಸಿಗೆಯಲ್ಲಿ ಒಂದೇ ಮನೆಯ ಇಬ್ಬರು ಒಳ್ಳೆಯ ಬಟ್ಟೆ ತೊಟ್ಟು ಮನೆಮನೆ ಹತ್ತಿದರೆ ಅದು ಮದುವೆಗೆ ಕರೆಯುವ ಹೇಳಿಕೆಗೇ. ಬಂದವರು ತಾವಾಗಿ ಹೇಳುವವರೆಗೆ ಮನೆಯವರು ಕೇಳುವ ಹಾಗಿಲ್ಲ, ಕಾಯಬೇಕು. ನಾಲ್ಕು ಮನೆಯವರು ಕಾದು ಕಾದು ಸುಸ್ತಾಗಿದ್ದರು.

“ಮಾಷ್ಟ್ರಿಗೆ ತನ್ನ ಮದುವೆಗೆ ತಾನೇ ಹೇಳ್ಲಿಕ್ಕೆ ನಾಚಿಕೆ ಅಂತ ನಾವು ಮಾತಾಡಿಕೊಂಡೆವು. ಹುಡುಗಿ ಬೆಳ್ತಂಗಡಿ ಕಡೆಯವಳಂತೆ, ಹೌದಾ?” ಎಂದರು ಅಜ್ಜಿ.

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಭುಜ ಕುಲುಕುವುದನ್ನು ಕಂಡು ನನಗೂ ತಡೆಯಲಾಗಲಿಲ್ಲ. ತಿಂಗಳುಗಟ್ಟಲೆ ನಗದವನು ಹೊಟ್ಟೆ ಹಿಡಿದುಕೊಂಡು ನಕ್ಕೆ, ಕಣ್ಣಲ್ಲಿ ನೀರು ಬಂತು. ಆ ಧೈರ್ಯದಲ್ಲೇ ಇನ್‌ಸ್ಪೆಕ್ಟರು ಬಂದ ದಿನದ ಸಂಗತಿ ಕೇಳಿಬಿಟ್ಟೆ. ಅಜ್ಜಿಯ ಮೊಮ್ಮಗಳು ನನ್ನ ತರಗತಿಯಲ್ಲೇ ಇದ್ದಳು.

“ಅದಾ? ಮಗ್ಗಿ ಕೇಳ್ತಾರೆ ಅಂತ ಮಕ್ಕಳೆಲ್ಲ ಹೆದರಿ ಕೂತಿದ್ರಂತೆ. ಮಾಷ್ಟ್ರು ಬೇಕಂತಲೇ ಮಾತಾಡದೆ ನಿಂತು ಇನ್‌ಸ್ಪೆಕ್ಟರನ್ನು ಓಡಿಸಿದ್ರು, ನಾವು ಬಚಾವಾದೆವು ಅಂತ ಬಂದು ಹೇಳಿದ್ಲು ಮಾರಾಯ.”

ಮೂರು ತಿಂಗಳು ನಾನು ಗೋಡೆಗೆ ಮುಖ ಮಾಡಿ ಮಲಗಿದ್ದಾಗ, ಮಕ್ಕಳ ಲೆಕ್ಕದಲ್ಲಿ ನಾನು ಶೂರನಾಗಿದ್ದೆ! ಖುಷಿಯೂ ಆಯಿತು, ನನ್ನ ಮೇಲೆಯೇ ಕೋಪವೂ ಬಂತು. ಮತ್ತೆ ಆ ನಾಲ್ಕು ಮನೆಗಳಿಗೂ ಹೋಗಿ ಮದುವೆಯಿಲ್ಲವೆಂದು ಹೇಳಿ ಬಂದೆವು. ಇನ್‌ಸ್ಪೆಕ್ಟರ ವಿಷಯ ಯಾರಿಗೂ ನೆನಪಿರಲಿಲ್ಲ. ಮದುವೆಯೂಟ ತಪ್ಪಿತಲ್ಲಾ ಎಂದು ಮಾತ್ರ ಎಲ್ಲರಿಗೂ ಬೇಸರ. ಮಾತಿನಿಂದಲೇ ಮಾಡುವ ಇಂಥ ಚಿಕಿತ್ಸೆಗೆ ಈಗ ದೊಡ್ಡ ಹೆಸರುಗಳಿವೆಯಂತೆ. ನಮ್ಮ ಡಾಕ್ಟರು ಅದನ್ನು ‘ನೋಡಿ ಬರುವುದು’ ಎನ್ನುತ್ತಿದ್ದರು.

ಶಾಲೆ ತೆರೆಯುವ ಹಿಂದಿನ ವಾರ ಅವರು ಕೇಳಿದರು: “ತರಗತಿಯಲ್ಲಿ ಬಾಯಿ ಕಟ್ಟಿದ್ರೆ ಏನು ಮಾಡ್ತೀರಿ?”

“ಮನೆಗೆ ಬರ್ತೇನೆ.”

“ಬರ್ಬೇಡಿ. ಎಷ್ಟು ಹೊತ್ತು ಕಟ್ತದೆ ಅಂತ ಅಲ್ಲೇ ನಿಂತು ನೋಡಿ.”

ಜೂನ್‌ನ ಮೊದಲ ದಿನ, ಹಾಜರಿ ಕರೆಯುವಾಗ ಮೂರನೆಯ ಹೆಸರಿಗೆ ಬಾಯಿ ಕಟ್ಟಿತು. ಬೆವರಿದೆ, ಆದರೆ ನಿಂತೇ ಇದ್ದೆ. ಮಕ್ಕಳು ಕಾದರು. ಒಬ್ಬಳು ಆಕಳಿಸಿದಳು, ಇಬ್ಬರು ಕಿಟಕಿಯಾಚೆ ಮಳೆ ನೋಡಿದರು. ಪ್ರಪಂಚವೇನೂ ಮುಳುಗಲಿಲ್ಲ. ಆಮೇಲೆ ಆ ಹೆಸರು ತಾನಾಗಿ ಹೊರಗೆ ಬಂತು, ಅದರ ಹಿಂದೆ ಉಳಿದವೆಲ್ಲ ಬಂದವು. ಅಂದು ಪಾಠದ ಭರದಲ್ಲಿ ಊಟದ ಗಂಟೆ ಹೊಡೆದದ್ದು ನನಗೆ ಕೇಳಿಸಲೇ ಇಲ್ಲ. ಪಕ್ಕದ ತರಗತಿಯ ಟೀಚರು ಬಾಗಿಲಲ್ಲಿ ನಿಂತು, ಮಕ್ಕಳನ್ನು ಊಟಕ್ಕೆ ಬಿಡಿ ಎಂದು ಎರಡು ಸಲ ಹೇಳಬೇಕಾಯಿತು.